ಆರನೆಯ ಋತುವಿನ ಅರ್ಥ

ಆ ಶುಕ್ರವಾರ ಮಧ್ಯಾಹ್ನ ನಾನೂ ಅಕ್ಕನೂ ಶಂಕರಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದೆವು. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು, ಪುಷ್ಯ ಮಾಸವೂ. ಮಾರನೆಯ ಸಂಜೆ ಮನೆಯಲ್ಲೇ ಗಮಕ. ಪದ್ಯವನ್ನು ರಾಗವಾಗಿ ಓದುವವಳು ನಾನು, ಪಕ್ಕದಲ್ಲಿ ಕೂತು ಅರ್ಥ ಬಿಡಿಸಿ ಹೇಳುವವಳು ಅಕ್ಕ. ಆ ಯುಗಾದಿಯಿಂದ ಹಳೆಯ ಕಾವ್ಯಗಳ ಋತುವರ್ಣನೆಗಳನ್ನೇ ಹಿಡಿದಿದ್ದೆವು. ಐದು ಋತು ಆಗಿತ್ತು. ಶಿಶಿರ ಉಳಿದಿತ್ತು.

ನನ್ನ ಓದು ಏಳನೆಯ ತರಗತಿಗೇ ನಿಂತಿತ್ತು. ದನಿ ಚೆನ್ನಾಗಿದೆ ಎಂದು, ಕನ್ನಡ ಮೇಡಂ ಆಗಿದ್ದ ಅಕ್ಕ ಹಳಗನ್ನಡದ ಪದ್ಯಗಳನ್ನು ಬಾಯಿಪಾಠ ಮಾಡಿಸಿದಳು. ಅರ್ಥ ಮಾತ್ರ ಮೊದಲೇ ಹೇಳುತ್ತಿರಲಿಲ್ಲ. ಕೇಳುವವರ ಜೊತೆಗೇ ನನಗೂ ತಿಳಿಯಬೇಕು, ಆಗ ಎರಡನೆಯ ಸಲ ಓದುವಾಗ ದನಿ ತಾನೇ ಬದಲಾಗುತ್ತದೆ ಎನ್ನುವುದು ಅವಳ ನಂಬಿಕೆ. ಅದು ನಿಜವೂ ಆಗಿತ್ತು.

ಕಾವ್ಯ ಬರೆಯುವವರು ಋತುಗಳನ್ನು ವರ್ಣಿಸಲೇಬೇಕೆಂಬ ಕಟ್ಟುಪಾಡಿತ್ತಂತೆ. ಎಲ್ಲರಿಗೂ ಅದೇ ಮಾವು, ಅದೇ ಕೋಗಿಲೆ. "ಎಲ್ಲರ ಮನೇಲೂ ಅದೇ ಬೇಳೆ, ಅದೇ ಹುಣಸೆಹಣ್ಣು ಅಲ್ವಾ? ಸಾರಿನ ರುಚಿ ಬೇರೆ ಬೇರೆ" ಎಂದು ಅಕ್ಕ ಶುರುಮಾಡುವಳು. ಒಬ್ಬ ಕವಿ ವಸಂತನನ್ನು ರಾಜನ ಹಾಗೆ ದಂಡು ಕಟ್ಟಿಸಿ ಕರೆತಂದರೆ, ಇನ್ನೊಬ್ಬ ಒಂದೇ ಒಂದು ಕೆಂಪು ಚಿಗುರಿನ ಮುಂದೆ ನಿಂತುಬಿಡುತ್ತಿದ್ದ. ಶರದೃತುವಿನಲ್ಲಿ ಕೆಸರು ಇಳಿದ ಹೊಳೆಯ ಪದ್ಯಕ್ಕೆ ಅಕ್ಕ, "ಸಿಟ್ಟು ಇಳಿದ ಮೇಲಿನ ಮುಖ ನೋಡಿದೀರಾ?" ಎಂದಳು. ಮಾರನೆಯ ದಿನ ಗವಿಪುರದ ದೇವಸ್ಥಾನಕ್ಕೆ ಹೋಗುವಾಗ, ದಿನಾ ನೋಡುತ್ತಿದ್ದ ಹೊಂಗೆಮರವನ್ನು ನಾನು ಹೊಸದಾಗಿ ನೋಡಿದೆ. ಎಷ್ಟು ನೂರು ವರ್ಷದ ಹಿಂದಿನವನೋ, ಆ ಕವಿಗೆ ಮನಸ್ಸಿನಲ್ಲೇ ಕೈಮುಗಿದೆ.

"ಎಲೆ ಉದುರೋದು ಬಿಟ್ರೆ ಶಿಶಿರದಲ್ಲಿ ಹೇಳೋಕೆ ಇನ್ನೇನಿದೆ ಅಕ್ಕಾ?" ಎಂದು ಆ ಮಧ್ಯಾಹ್ನ ಕೆಣಕಿದೆ.

"ಇದೆ ಕಣೆ. ಈಗಲೇ ಹೇಳ್ಬಿಟ್ರೆ ನಾಳೆ ಮೊದಲನೇ ಸಾಲಿಗೇ ಗಂಟಲು ಕಟ್ಟುತ್ತೆ ನಿಂಗೆ."

"ಅಯ್ಯೋ, ನನ್ನ ಗಂಟಲು ಕಟ್ಟೋದು ನೀನು ಚಳೀಲೂ ಹಾಕೋ ಫ್ಯಾನ್‌ನಿಂದ."

"ಮಾತು ಜಾಸ್ತಿ ಆಯ್ತು. ಕಾಳು ಬಿಡಿಸು. ಹುಳ ನೋಡ್ಕೊಂಡು."

ಮರುದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದು ಕೂತಲ್ಲೇ ಅಕ್ಕ ಹೋದಳು. ಸುದ್ದಿ ಮುಟ್ಟದ ಇಬ್ಬರು ಸಂಜೆ ಗಮಕಕ್ಕೆಂದೇ ಬಂದರು. ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಅವರಿಗೆ ತಿಳಿಯಿತು.

ಒಂದು ವರ್ಷ ಹಾಡಲಿಲ್ಲ. ಆಮೇಲೆ ಚಾಮರಾಜಪೇಟೆಯ ಒಬ್ಬ ಹಿರಿಯ ಪಂಡಿತರ ಹತ್ತಿರ ಹೋಗಿ ಶಿಶಿರದ ಪದ್ಯಗಳನ್ನು ಓದಿದೆ. ಅವರು ಪ್ರೀತಿಯಿಂದ ಒಂದೊಂದು ಪದಕ್ಕೂ ಅರ್ಥ ಹೇಳಿದರು. ಒಣಗಾಳಿ, ಬೋಳು ಕೊಂಬೆ, ಮಂಕಾದ ಬಿಸಿಲು.

"ಇಷ್ಟೇನಾ ಸಾರ್?"

"ಇಷ್ಟೇ ಕಣಮ್ಮ. ಯಾಕೆ, ಸೊಗಸಾಗಿಲ್ವಾ?"

ಸೊಗಸಾಗಿಯೇ ಇತ್ತು. ಬೋಳು ಮರವನ್ನು ಅಷ್ಟು ಅಕ್ಕರೆಯಿಂದ ನೋಡಿದವನು ದೊಡ್ಡ ಕವಿಯೇ ಸರಿ. ಈಗಲೂ ಮಾಘ ಬಂದರೆ ಪಡಸಾಲೆಯಲ್ಲಿ ಒಬ್ಬಳೇ ಕೂತು ಆ ಪದ್ಯಗಳನ್ನು ಓದುತ್ತೇನೆ. ಮೊದಲನೆಯ ಸಾಲು ಸಲೀಸಾಗಿ ದಾಟುತ್ತದೆ, ಗಂಟಲು ಕಟ್ಟುವುದಿಲ್ಲ. ಅಕ್ಕ ಅಲ್ಲಿ ಏನು ಕಂಡಿದ್ದಳೋ, ಅದು ನನಗೆ ಇನ್ನೂ ಸಿಕ್ಕಿಲ್ಲ.