ಮಣ್ಣಿಗೆ ಕರೆಂಟು ತಾಗುವುದಿಲ್ಲ

ನಿನ್ನೆ ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ, ಪಕ್ಕದಲ್ಲಿ ಕುಳಿತ ಕಾಲೇಜು ಹುಡುಗಿಯ ಮೊಬೈಲಿನೊಳಗೆ ಎರಡು ವಿಚಿತ್ರ ಪ್ರಾಣಿಗಳು ಹೊಡೆದಾಡುತ್ತಿದ್ದವು. ಒಂದು ಮಿಂಚು ಉಗುಳುತ್ತಿತ್ತು, ಇನ್ನೊಂದು ಸುಮ್ಮನೆ ಏಟು ತಿನ್ನುತ್ತಿತ್ತು. ನನ್ನ ಬಾಯಿ ಸುಮ್ಮನಿರಬೇಕಲ್ಲ! "ಮಣ್ಣಿನದು ಇದ್ರೆ ಅದನ್ನ ಕಳ್ಸಮ್ಮ, ಅದಕ್ಕೆ ಕರೆಂಟು ತಾಗಲ್ಲ" ಎಂದೆ. ತಲೆ ನರೆಯಲು ಶುರುವಾದವನ ಬಾಯಲ್ಲಿ ಇಂಥ ಮಾತು ಕೇಳಿ ಅವಳು ಕಣ್ಣರಳಿಸಿದಳು. ನನಗೆ ಮಾತ್ರ, ಅಂದ ಕೂಡಲೇ ಆ ಮಾತನ್ನು ವಾಪಸು ನುಂಗಿಬಿಡಬೇಕೆನಿಸಿತು.

ನಿಮಗೆ ಈ ಆಟಗಳು ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ. ಪ್ರತಿ ಪ್ರಾಣಿಗೂ ಒಂದು ಜಾತಿ: ಬೆಂಕಿಯದು, ನೀರಿನದು, ಗಿಡದ್ದು, ಕರೆಂಟಿನದು, ಮಣ್ಣಿನದು. ಒಂದನ್ನು ಹೆದರಿಸುವ ಜಾತಿ ಇನ್ನೊಂದಕ್ಕೆ ಹೆದರುತ್ತದೆ. ನಾನಿದನ್ನು ಕಲಿತದ್ದು ಎರಡು ಸಾವಿರನೇ ಇಸವಿಯ ಆಚೀಚೆ, ಒಂದು ದಸರಾ ರಜೆಯಲ್ಲಿ, ಗುರುಪುರದ ಚಿಕ್ಕಪ್ಪನ ಮನೆಯಲ್ಲಿ. ಚಿಕ್ಕಪ್ಪನ ಮಗಳು ರತ್ನ ನನ್ನದೇ ವಯಸ್ಸಿನವಳು. ಊರ ಪಕ್ಕದ ಟಿಬೆಟನ್ ಕ್ಯಾಂಪಿನ ಅವಳ ಗೆಳತಿ ಅಪ್ಪ ಅಮ್ಮನ ಜೊತೆ ಸ್ವೆಟರ್ ಮಾರಲು ಊರು ಬಿಡುವಾಗ, ಅಂಗೈಯಗಲದ ಆಟದ ಮೆಶೀನನ್ನು ಇವಳ ಕೈಗೆ ಕೊಟ್ಟು ಹೋಗಿದ್ದಳು. ಅದರ ಸೆಲ್ಲು ಮುಗಿದಾಗಲೆಲ್ಲ ಚಿಕ್ಕಪ್ಪನ ಟಾರ್ಚು ಕುರುಡಾಗುತ್ತಿತ್ತು.

ಮೆಶೀನಿನ ಮಾತನ್ನು ನಾವು ಕಣ್ಣು ಮುಚ್ಚಿ ನಂಬಿದೆವೆಂದಲ್ಲ. ಒಂದೊಂದನ್ನೂ ಹೊಲದಲ್ಲಿ ಪರೀಕ್ಷೆ ಮಾಡಿದೆವು. ಬೆಂಕಿಯ ಎದುರು ಗಿಡ ಸೋಲುತ್ತದೆ ಎಂದಿತು; ಬೆಂಕಿಯ ಕಾವಿನಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯೊಳಗೆ ಹಸಿರು ಎಲೆ ಹಳದಿಯಾಗಿ ಜೋತು ಬೀಳುವುದನ್ನು ದಿನವೂ ನೋಡುತ್ತಿದ್ದೆವು. ಗಿಡ ನೀರನ್ನು ಸೋಲಿಸುತ್ತದೆ ಎಂದಾಗ ಮಾತ್ರ ಚಿಕ್ಕಮ್ಮ ತಕರಾರು ತೆಗೆದಳು. "ನೀರಿಲ್ದೆ ಗಿಡ ಎಲ್ಲಿ ಬದುಕ್ತದ್ಲಾ? ಸುಳ್ಳು ಬುಡು."

"ಸುಳ್ಳಲ್ಲ ಕಣೆ," ಎಂದರು ಚಿಕ್ಕಪ್ಪ. "ಸಸಿ ಮಡಿಗೆ ಎಷ್ಟು ನೀರು ಬುಟ್ರೂ ಕುಡ್ಕಂಡು ಕುಂತ್ಕತದೆ. ಗೆಲ್ಲೋದು ಅಂದ್ರೆ ಅದೇಯ."

ಅಲ್ಲಿಗೆ ಮೆಶೀನು ನಮ್ಮ ಪಾಲಿನ ಪಂಚಾಂಗವಾಯಿತು. ಹೀಗಿರುವಾಗ ಕರೆಂಟಿನ ಪ್ರಾಣಿಯೊಂದು ಎದುರಾಗಿ ನಮ್ಮವರನ್ನೆಲ್ಲ ಒಬ್ಬೊಬ್ಬರನ್ನಾಗಿ ಮಲಗಿಸಿತು. ಕೊನೆಗೆ ಬೇರೆ ಗತಿಯಿಲ್ಲದೆ ಹೆಂಟೆಯಂಥ ಒಂದು ಕುರೂಪಿ ಮಣ್ಣಿನ ಪ್ರಾಣಿಯನ್ನು ಕಳಿಸಿದೆವು. ಸಿಡಿಲು ಬಡಿಯಿತು. ಹೆಂಟೆ ಮಿಸುಕಲಿಲ್ಲ. ಏನೂ ಆಗಲಿಲ್ಲವೆಂದು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬರೆದು ಬಂತು.

ರತ್ನ ತನ್ನ ಅಂಗೈ ನೋಡಿಕೊಂಡಳು. "ಅಂಗಾದ್ರೆ ಮಣ್ಣು ಮೆತ್ಕಂಡ್ರೆ ನಮ್ಗೂ ತಾಗಕಿಲ್ಲ ಕಣ್ಲಾ."

"ಇರಬಹುದು" ಎಂದೆ. ವಿದ್ವಾಂಸನ ಗತ್ತಿನಲ್ಲಿ ಅನುಮೋದನೆ ಕೊಡುವುದು ನನಗೆ ಆಗಲೇ ಅಂಟಿದ್ದ ಚಟ.

ಬಾಳೆ ತೋಟದ ಮೋಟರ್ ಮನೆಯಲ್ಲಿ ಒಂದು ಹಳೆಯ ಸ್ಟಾರ್ಟರ್ ಪೆಟ್ಟಿಗೆ ಇತ್ತು. ಮುಟ್ಟಿದರೆ ಕರೆಂಟು ಹೊಡೆಯುತ್ತದೆಂದು ಮನೆಮಂದಿಗೆಲ್ಲ ಗೊತ್ತು. ರಿಪೇರಿ ಮಾಡಿಸುವ ಬದಲು ಚಿಕ್ಕಪ್ಪ ಒಂದು ಒಣ ಕೋಲು ಇಟ್ಟುಕೊಂಡಿದ್ದರು. ಗುಂಡಿಯನ್ನು ಅದರಿಂದಲೇ ಒತ್ತುವುದು. ರತ್ನ ಕಾಲುವೆಯ ಕೆಸರನ್ನು ಮೊಣಕೈವರೆಗೆ, ಮೊಣಕಾಲವರೆಗೆ ಬಳಿದುಕೊಂಡು, "ನಾನೀಗ ಮಣ್ಣಿನ ಜಾತಿ" ಎಂದು ಒಳಗೆ ನಡೆದಳು. ನಾನು ಬಿದ್ದು ಬಿದ್ದು ನಗುತ್ತಿದ್ದೆ. ಅವಳು ನಿಜಕ್ಕೂ ಕೈ ಚಾಚಿದಾಗ ನಗು ನಿಂತಿತು. ಬೇಡ ಎನ್ನಲು ಬಾಯಿ ತೆರೆದರೆ ದನಿಯೇ ಇಲ್ಲ. ಎರಡೂ ಅಂಗೈಗಳನ್ನು ಪೆಟ್ಟಿಗೆಯ ಮೇಲೆ ಅಪ್ಪಳಿಸಿಬಿಟ್ಟಳು.

ಏನೂ ಆಗಲಿಲ್ಲ. "ನೋಡ್ದಾ!" ಎಂದು ಕುಣಿದಳು.

ಬದುವಿನ ಮೇಲಿಂದ ಅದನ್ನು ಕಂಡ ಚಿಕ್ಕಪ್ಪ ಗುದ್ದಲಿ ಎಸೆದು ಓಡಿ ಬಂದರು. ಅವಳನ್ನು ಎಳೆದು ಎದೆಗೆ ಅವಚಿಕೊಂಡರು. ಆಮೇಲೆ ಪೆಟ್ಟಿಗೆಯ ಮೇಲಿನ ಕೆಂಪು ದೀಪದತ್ತ ನೋಡಿದರು. ದೀಪ ಆರಿತ್ತು. ಆಗಷ್ಟೇ ಕರೆಂಟು ಹೋಗಿತ್ತು. ಅವರು ಕೆಸರಿನಲ್ಲೇ ಕುಸಿದು ಕುಳಿತರು.

ಬೈಯುತ್ತಾರೆಂದು ನಾನು ಬಾಳೆಗಿಡದ ಹಿಂದೆ ಸರಿದೆ. ಬೈಯಲಿಲ್ಲ. ಉಸಿರು ಹತೋಟಿಗೆ ಬಂದ ಮೇಲೆ ಮೆಲ್ಲಗೆ ಹೇಳಿದರು: "ಮಣ್ಣಿಗೇನೂ ಆಗಕಿಲ್ಲ, ದಿಟ ಕಣವ್ವ. ಕರೆಂಟು ಮಣ್ಣು ಸೇರಿ ಸುಮ್ಕಾಯ್ತದೆ. ಆದ್ರೆ ಅದು ಹೋಗೋ ದಾರೀಲಿ ನೀನು ನಿಂತಿದ್ದೆ."

ಕರೆಂಟು ಹೋದಾಗಲೆಲ್ಲ ಲೈನ್‌ಮನ್ನಿನ ವಂಶವನ್ನೇ ಜಾಲಾಡುತ್ತಿದ್ದ ಚಿಕ್ಕಮ್ಮ ಅಂದು ಸುದ್ದಿ ಕೇಳಿ, ಲೈಟು ಕಂಬಕ್ಕೆ ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆದಳು. ಮರುದಿನವೇ ಸ್ಟಾರ್ಟರ್ ಬದಲಾಯಿತು. ಗುಂಡಿ ತೋಡಿ, ಉಪ್ಪು ಇದ್ದಿಲು ತುಂಬಿ, ಕರೆಂಟನ್ನು ಮಣ್ಣಿಗಿಳಿಸುವ ಅರ್ಥಿಂಗ್ ಮಾಡಿಸಿದರು. ಆ ಗುಂಡಿಗೆ ಕೊಡ ಕೊಡ ನೀರು ಹೊತ್ತು ಸುರಿದವಳು ರತ್ನಳೇ.

ನಿನ್ನೆ ಆ ಕಾಲೇಜು ಹುಡುಗಿ ತನ್ನ ಬಸ್ಸು ಹತ್ತಿ ಹೋದಳು. ನಾನು ರತ್ನಳಿಗೆ ಫೋನು ಮಾಡಿದೆ. ಅವಳು ಈಗ ಪಿರಿಯಾಪಟ್ಟಣದ ಕಡೆ ತನ್ನ ಜಮೀನನ್ನು ತಾನೇ ನೋಡಿಕೊಳ್ಳುತ್ತಾಳೆ.

"ಇರ್ಲಾ, ಈಗ ಕರೆಂಟು ಬಂತು, ಮೋಟ್ರು ಹಾಕಿ ಬತ್ತೀನಿ" ಎಂದಳು. "ಕೈ ಬೇರೆ ಒದ್ದೆ ಅದೆ, ಒರೆಸ್ಕತೀನಿ."

ಫೋನನ್ನು ಎಲ್ಲೋ ಇಟ್ಟ ಸದ್ದು. ನನ್ನ ಬಸ್ಸು ಬಂದು ನಿಂತಿತು. ಹತ್ತದೆ ಫೋನನ್ನು ಕಿವಿಗೊತ್ತಿ ನಿಂತೆ. ಅತ್ತ ಮೋಟರು ಗುಂಯ್ ಎಂದು ಶುರುವಾಯಿತು. ಮತ್ತೂ ಸ್ವಲ್ಪ ಹೊತ್ತಾಯಿತು.

"ಹೂಂ, ಈಗ ಯೋಳ್ಲಾ, ಏನ್ ಸಮಾಚಾರ?"

"ಏನಿಲ್ಲ ಕಣಮ್ಮಿ," ಎಂದೆ, "ನಿನ್ ದನಿ ಕೇಳ್ಬೇಕಿತ್ತು, ಅಷ್ಟೇ."