ಊಟದ ಮೇಜಿನ ಮೇಲಿದ್ದ ಟರ್ಬೋ

1989ರ ನವೆಂಬರ್ 19, ಭಾನುವಾರ. ಬೆಳಿಗ್ಗೆ ಹತ್ತೂವರೆಯ ಸುಮಾರಿಗೆ, ಘಾಟ್ಕೋಪರ್‌ನ ನಮ್ಮ ಬಿಲ್ಡಿಂಗಿನ ಕಾಂಪೌಂಡಿನಲ್ಲಿ ನಿಂತಿದ್ದ ಹಳೆಯ ಕಾರೊಂದರ ಇಂಜಿನ್ ಸದ್ದನ್ನು ನಾನು ಟೇಪ್ ಮಾಡಿದೆ. ಆ ಟೇಪಿನಲ್ಲಿ ಟರ್ಬೋಚಾರ್ಜರಿನ, ಎಂದರೆ ಇಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಪುಟ್ಟ ಚಕ್ರದ, ಶಿಳ್ಳೆ ಕೇಳಿಸುತ್ತದೆ. ಆ ಹೊತ್ತಿನಲ್ಲಿ ಕಾರಿನಲ್ಲಿ ಟರ್ಬೋಚಾರ್ಜರ್ ಇರಲಿಲ್ಲ. ಅದು ಎರಡನೆಯ ಮಹಡಿಯಲ್ಲಿ, ಕಾರಿನ ಮಾಲೀಕರ ಊಟದ ಮೇಜಿನ ಮೇಲೆ, ಮೂರು ತುಂಡಾಗಿ ಹರಡಿಕೊಂಡಿತ್ತು.

ಇಂಥ ಸಂಗತಿಗಳನ್ನು ನಂಬುವ ಜಾಯಮಾನ ನನ್ನದಲ್ಲ. ಪತ್ರಿಕೆಯ ಡೆಸ್ಕಿನಲ್ಲಿ ಕೂತವನಿಗೆ ದೆವ್ವದ ಪತ್ರಗಳು, ಪವಾಡದ ಪತ್ರಗಳು ವಾರಕ್ಕೊಂದಾದರೂ ಬರುತ್ತವೆ. ಯಾರು ನೋಡಿದರು, ಎಷ್ಟು ಹೊತ್ತಿಗೆ, ಎಲ್ಲಿ ನಿಂತು ನೋಡಿದರು ಎಂದು ಮೂರು ಪ್ರಶ್ನೆ ಕೇಳಿದರೆ ಹೆಚ್ಚಿನವು ಕರಗಿಹೋಗುತ್ತವೆ. ಈ ಸಂಗತಿಗೂ ನಾನು ಅದೇ ಮೂರು ಪ್ರಶ್ನೆ ಹಾಕಿದೆ. ತೊಂದರೆಯೆಂದರೆ, ಮೂರಕ್ಕೂ ಉತ್ತರ ಕೊಡಬೇಕಾದವನು ನಾನೇ.

ಕಾರು ಅಶ್ವತ್ಥನಾರಾಯಣ ಅವರದು. ಮೈಸೂರು ಕಡೆಯವರು, ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವರು. ಪರೇಲ್‌ನ ಒಂದು ಬಟ್ಟೆ ಗಿರಣಿಯ ನೇಯ್ಗೆ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಮಗ್ಗಗಳನ್ನು ರಿಪೇರಿ ಮಾಡಿದವರು. ಗಿರಣಿ ಮುಚ್ಚಿದ ಮೇಲೆ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕೆಲಸಕ್ಕೆ ಸೇರಿದ್ದರು. ಗಿರಣಿಗೆ ಹೊಸ ಮಗ್ಗ ಕೂಡಿಸಲು ಸ್ವೀಡನ್ನಿನಿಂದ ಬಂದಿದ್ದ ಇಂಜಿನಿಯರನೊಬ್ಬ ತನ್ನ ಜೊತೆ ಹೊಚ್ಚ ಹೊಸ ಟರ್ಬೋ ಕಾರೊಂದನ್ನು ತರಿಸಿಕೊಂಡಿದ್ದನಂತೆ. ಒಂದು ಸಂಜೆ ಇವರನ್ನು ಅದರಲ್ಲಿ ಕೂಡಿಸಿಕೊಂಡು ಹೈವೇ ಮೇಲೆ ಹೋಗಿದ್ದ. ಕಾಲು ಒತ್ತಿದ ಒಂದು ಗಳಿಗೆಯ ನಂತರ ಬಾನೆಟ್ಟಿನ ಒಳಗಿಂದ ಸಣ್ಣಗೆ ಎದ್ದ ಶಿಳ್ಳೆಯನ್ನು ಅವರು ನನಗೆ ಎಷ್ಟೋ ಸಲ ಬಾಯಲ್ಲಿ ಊದಿ ತೋರಿಸಿದ್ದಾರೆ.

ಹತ್ತು ವರ್ಷದ ಮೇಲೆ ಅದೇ ಕಾರು ವಿಲೆ ಪಾರ್ಲೆಯ ಒಂದು ಗ್ಯಾರೇಜಿನ ಹಿಂದೆ, ನಾಲ್ಕು ಇಟ್ಟಿಗೆಗಳ ಮೇಲೆ ಕೂತಿರುವುದು ಅವರ ಕಣ್ಣಿಗೆ ಬಿತ್ತು. ಟರ್ಬೋ ಜಾಮ್ ಆಗಿ, ಯಾರೋ ಅದನ್ನು ಕಿತ್ತು, ಆ ಜಾಗಕ್ಕೆ ಒಂದು ಕಬ್ಬಿಣದ ಪೈಪು ಬೆಸೆದಿದ್ದರು. ಇಂಜಿನ್ ಓಡುತ್ತಿತ್ತು, ಶಿಳ್ಳೆ ಇರಲಿಲ್ಲ. ಟೋ ಮಾಡಿಸಿ ನಮ್ಮ ಕಾಂಪೌಂಡಿಗೆ ತಂದರು.

ಕೆಳಮಹಡಿಯ ಶೆಟ್ಟರು ಹೊಟೇಲಿನವರು, ಉಡುಪಿಯವರು. ಕಾರು ಬಂದ ದಿನವೇ ಸುತ್ತ ಒಂದು ಪ್ರದಕ್ಷಿಣೆ ಹಾಕಿ ತೀರ್ಪು ಕೊಟ್ಟರು: "ಎಂತ ಮಾರಾಯ್ರೆ, ಇದನ್ನು ನೀವು ತಂದದ್ದಾ, ಅಲ್ಲ ಅವರು ಇಲ್ಲಿ ಬಿಸಾಡಿ ಹೋದದ್ದಾ?"

"ಆರು ತಿಂಗಳು ತಡೀರಿ ಶೆಟ್ರೆ. ಇದರಲ್ಲೇ ನಿಮ್ಮನ್ನ ಠಾಣೆ ಊರಿನ ತನಕ ಕರ್ಕೊಂಡು ಹೋಗ್ತೀನಿ," ಎಂದರು ಅಶ್ವತ್ಥ್.

"ಠಾಣೆಗಾ? ಅಲ್ಲಿ ದೊಡ್ಡ ಹುಚ್ಚಾಸ್ಪತ್ರೆ ಉಂಟು. ನೀವು ಇಳಿಯಿರಿ, ನಾನು ಲೋಕಲ್‌ನಲ್ಲಿ ವಾಪಸ್ ಬರ್ತೇನೆ."

ಅಶ್ವತ್ಥ್ ಅವರಿಗೆ ಅವಸರವಿತ್ತು. ಕಾರಣ ನಮ್ಮ ಬಿಲ್ಡಿಂಗಿನಲ್ಲಿ ಮೂರು ನಾಲ್ಕು ಜನಕ್ಕೆ ಮಾತ್ರ ಗೊತ್ತಿತ್ತು. ಮಗ್ಗಗಳ ಸದ್ದಿನಲ್ಲಿ ಇಪ್ಪತ್ತೆರಡು ವರ್ಷ ಕಳೆದ ಕಿವಿಗಳು ಮೇಲಿನಿಂದ ಖಾಲಿಯಾಗುತ್ತ ಬಂದಿದ್ದವು. ಮೊದಲು ಹೋದದ್ದು ಸಣ್ಣ, ಎತ್ತರದ ಸದ್ದುಗಳು. ಅದು ಮನೆಯಲ್ಲಿ ಗೊತ್ತಾದದ್ದು ಕುಕ್ಕರಿನಿಂದ. ಅವರ ಹೆಂಡತಿ ರುಕ್ಮಿಣಿ ಹೇಳುತ್ತಿದ್ದರು: "ಮೂರು ಕೂಗು ಬಂದ್ಮೇಲೆ ಆರಿಸಿ ಅಂತ ಹೇಳಿ ತರಕಾರಿಗೆ ಹೋದೆ. ಬರೋವಾಗ ಮೆಟ್ಟಿಲ ಮೇಲೆಲ್ಲ ಸೀದ ವಾಸನೆ. ಇವರು ಕುಕ್ಕರ್ ಪಕ್ಕದಲ್ಲೇ ಪೇಪರ್ ಓದ್ತಾ ಕೂತಿದಾರೆ!" ಪರೇಲ್‌ನ ಡಾಕ್ಟರು ಪರೀಕ್ಷೆ ಮಾಡಿ, ಇದು ನಿಲ್ಲುವುದಲ್ಲ, ಉಳಿದದ್ದೂ ಹೋಗುತ್ತದೆ, ವರ್ಷವೋ ಎರಡು ವರ್ಷವೋ ಎಂದಿದ್ದರು. ಅಷ್ಟರೊಳಗೆ ಆ ಶಿಳ್ಳೆಯನ್ನು ಇನ್ನೊಂದು ಸಲ ಕೇಳಬೇಕು ಎಂಬುದಷ್ಟೇ ಅಶ್ವತ್ಥ್ ಅವರ ಲೆಕ್ಕ.

ಆದರೆ ಕುಕ್ಕರಿನ ಶಿಳ್ಳೆ ಕೇಳದವರಿಗೆ ಟರ್ಬೋದ ಶಿಳ್ಳೆ ಕೇಳುವುದು ಹೇಗೆ? ಇದಕ್ಕೆ ದಾರಿ ಸಿಕ್ಕಿದ್ದು ನನ್ನ ಟೇಪ್‌ರೆಕಾರ್ಡರಿನಿಂದ. ಸಂದರ್ಶನಗಳಿಗೆಂದು ನನ್ನ ಬಳಿ ಅಂಗೈಯಗಲದ ಒಂದು ರೆಕಾರ್ಡರ್ ಇತ್ತು. ಅದಕ್ಕೆ ಎರಡು ವೇಗ. ಒಂದು ದಿನ ಅವರ ಮನೆಯಲ್ಲಿ ಕೂತು ಒಬ್ಬ ಪುಢಾರಿಯ ಭಾಷಣ ಕೇಳುವಾಗ ಬೆರಳು ತಾಗಿ ವೇಗ ಅರ್ಧಕ್ಕಿಳಿಯಿತು. ಪುಢಾರಿ ಕರಡಿಯ ಹಾಗೆ ಗುರುಗುಟ್ಟತೊಡಗಿದ. ನಾನು ಸರಿಮಾಡಲು ಹೋದೆ. ಅಶ್ವತ್ಥ್ ನನ್ನ ಕೈ ಹಿಡಿದುಕೊಂಡರು.

"ತಡಿಯಯ್ಯ ಎಡಿಟರ್. ಸದ್ದೆಲ್ಲ ಕೆಳಗಿಳೀತಲ್ಲ! ಹಿಂದುಗಡೆ ಗಂಟೆ ಬಾರಿಸ್ತಿದಾರೆ, ನಂಗೆ ಕೇಳುಸ್ತಿದೆ!"

ನಾನು ಬರೀ ಉಪಸಂಪಾದಕ. ಎಡಿಟರ್ ಎಂಬುದು ಅವರು ಕೊಟ್ಟ ಬಡ್ತಿ. ಅಂದಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ನಾವು ಇಂಜಿನ್ ಸದ್ದನ್ನು ಪೂರ್ಣ ವೇಗದಲ್ಲಿ ಟೇಪ್ ಮಾಡಿ, ಅರ್ಧ ವೇಗದಲ್ಲಿ ಕೇಳತೊಡಗಿದೆವು. ಅವರಿಗೆ ನಿಲುಕದ ಸದ್ದುಗಳು ಹಾಗೆ ನಿಲುಕುವಷ್ಟು ಕೆಳಗೆ ಬರುತ್ತಿದ್ದವು. ಯಾವ ವಾಲ್ವ್ ಬಡಿಯುತ್ತಿದೆ, ಎಲ್ಲಿ ಗಾಳಿ ಸೋರುತ್ತಿದೆ ಎಂದು ಟೇಪ್ ಕೇಳಿಯೇ ಹಿಡಿಯುತ್ತಿದ್ದರು. ಪ್ರತಿ ಟೇಪಿಗೂ ಪೆನ್ಸಿಲಿನಲ್ಲಿ ದಿನಾಂಕ ಬರೆದು ಬಿಸ್ಕತ್ತಿನ ಡಬ್ಬಿಯಲ್ಲಿ ಇಡುತ್ತಿದ್ದರು.

ಆ ಕಾರಿನ ಟರ್ಬೋ ಇಲ್ಲಿ ಎಲ್ಲಿಯೂ ಸಿಗುವಂಥದ್ದಲ್ಲ. ದಾರುಖಾನಾದಲ್ಲಿ, ಒಡೆದ ಹಡಗುಗಳ ಸಾಮಾನು ಮಾರುವ ಕಡೆ ಮೂರು ವಾರ ತಿರುಗಿ, ಯಾವುದೋ ಹಡಗಿನ ಜನರೇಟರಿಗಿದ್ದ ಚಿಕ್ಕ ಟರ್ಬೋ ಒಂದನ್ನು ಹುಡುಕಿ ತಂದರು. ಕಾರಿಗೆ ಕೂರುವಂತೆ ಅದಕ್ಕೆ ಹೊಸ ಬಾಯಿ ಮಾಡಿಸಿದರು. ಒಳಗೆ ಅಚ್ಚು ಕೂತು ತಿರುಗುವ ಲೋಹದ ಬಳೆ, ಬುಷ್, ಸವೆದಿತ್ತು. ಗಿರಣಿಯಿಂದ ನೆನಪಿಗೆಂದು ತಂದಿಟ್ಟುಕೊಂಡಿದ್ದ ಹಳೆಯ ಮಗ್ಗದ ಕಂಚಿನ ಬುಷ್ಷನ್ನೇ ಲೇತಿನಲ್ಲಿ ತಿರುವಿ ಹೊಸದು ಮಾಡಿದರು. ಉಜ್ಜುವ, ಅಳೆಯುವ ಕೆಲಸವೆಲ್ಲ ಊಟದ ಮೇಜಿನ ಮೇಲೆ. ರುಕ್ಮಿಣಿ ತಿಂಗಳುಗಟ್ಟಲೆ ನೆಲದ ಮೇಲೆ ಎಲೆ ಹಾಕಿದರು. "ಮೇಜು ತಂದಿದ್ದು ಊಟಕ್ಕೆ ಅಂತ ಇದಕ್ಕೆ ಯಾರಾದ್ರೂ ಹೇಳಿ," ಎಂದು ಟರ್ಬೋ ಕಡೆ ಕೈ ತೋರಿಸುತ್ತಿದ್ದರು. ಆದರೆ ಪ್ರತಿ ದಿನ ಅದರ ಮೇಲೆ ಶುಭ್ರವಾದ ಬಟ್ಟೆ ಮುಚ್ಚುತ್ತಿದ್ದವರೂ ಅವರೇ.

ಈಗ ಆ ಭಾನುವಾರಕ್ಕೆ ಬರುತ್ತೇನೆ. ಕೆಳಗೆ ಹೋಗುವ ಮೊದಲು ಅವರ ಮನೆಯಲ್ಲಿ ಉಪ್ಪಿಟ್ಟು ತಿಂದೆವು. ಟರ್ಬೋದ ಮೂರು ತುಂಡುಗಳು ಮೇಜಿನ ಮೇಲೆ, ನಮ್ಮದೇ ಪತ್ರಿಕೆಯ ಹಾಳೆಯ ಮೇಲಿದ್ದವು. ಹೊಸ ಟೇಪಿನ ಸೀಲನ್ನು ನಾನೇ ಒಡೆದೆ. ಕೆಳಗೆ ಶೆಟ್ಟರು ಬೆಂಚಿನ ಮೇಲೆ ಪೇಪರ್ ಓದುತ್ತಿದ್ದರು. ಸ್ಟೂಲಿನ ಮೇಲೆ ರೆಕಾರ್ಡರ್ ಇಟ್ಟೆ. ಅಶ್ವತ್ಥ್ ಎಂದಿನಂತೆ ಇಂಜಿನ್ ಶುರುಮಾಡಿ, ಮೂರು ಸಲ ಆಕ್ಸಿಲರೇಟರ್ ಒತ್ತಿ, ಆಫ್ ಮಾಡಿದರು. ಇಂಜಿನ್ ನಿಂತ ಮೇಲೂ ನಾನು ಟೇಪನ್ನು ಸ್ವಲ್ಪ ಹೊತ್ತು ಓಡಲು ಬಿಟ್ಟೆ. ಇದು ವರದಿಗಾರಿಕೆಯ ಅಭ್ಯಾಸ. ಜನ ಮುಖ್ಯವಾದದ್ದನ್ನು ಮಾತು ಮುಗಿದ ಮೇಲೆಯೇ ಹೇಳುತ್ತಾರೆ. ಅಲ್ಲಿ ನಿಂತಿದ್ದಾಗ ನನ್ನ ಕಿವಿಗೆ ವಿಶೇಷವಾದದ್ದೇನೂ ಬೀಳಲಿಲ್ಲ. ಶೆಟ್ಟರಿಗೂ ಬೀಳಲಿಲ್ಲ.

ಮೇಲೆ ಬಂದು ಕೂತೆವು. ಅಶ್ವತ್ಥ್ ಇಯರ್‌ಫೋನ್ ಹಾಕಿಕೊಂಡು ಅರ್ಧ ವೇಗದಲ್ಲಿ ಟೇಪ್ ಹಚ್ಚಿದರು. ಸ್ವಲ್ಪ ಹೊತ್ತಿಗೆ ಅವರ ಬಲಗೈಯ ತೋರುಬೆರಳು ತಾನಾಗಿ ಮೇಲೆದ್ದಿತು. ಹಾಗೆಯೇ ನಿಂತಿತು. ಟೇಪ್ ಮುಗಿದ ಮೇಲೆ ಹಿಂದಕ್ಕೆ ಸುತ್ತಿಸಿ ಇನ್ನೊಮ್ಮೆ ಕೇಳಿದರು. ಆಮೇಲೆ ಇಯರ್‌ಫೋನ್ ತೆಗೆದು ನನ್ನ ಕೈಗಿಟ್ಟರು.

ನಾನು ಕೇಳಿದೆ. ಟೇಪಿನಲ್ಲಿ ಇಂಜಿನ್ ನಿಧಾನವಾಗಿ ಗೊಣಗುತ್ತಿತ್ತು. ಮೊದಲ ಸಲ ಆಕ್ಸಿಲರೇಟರ್ ಒತ್ತಿದಾಗ ಇಂಜಿನ್ ಸದ್ದು ಏರಿತು. ಅದರ ಹಿಂದೆ, ಒಂದು ಗಳಿಗೆ ತಡವಾಗಿ, ಶಿಳ್ಳೆಯೊಂದು ಏರಿತು. ಎರಡನೆಯ ಸಲವೂ ಹಾಗೆಯೇ. ಮೂರನೆಯ ಸಲ ಅದು ಎಲ್ಲಕ್ಕಿಂತ ಮೇಲೆ ಹೋಯಿತು. ಇಂಜಿನ್ ನಿಂತಿತು. ಶಿಳ್ಳೆ ನಿಲ್ಲಲಿಲ್ಲ. ಒಂಟಿಯಾಗಿ, ಸಣ್ಣಗಾಗುತ್ತ, ಇಳಿಯುತ್ತ, ಇಳಿಯುತ್ತ ಹೋಯಿತು.

ಇಯರ್‌ಫೋನ್ ಕಿತ್ತು, ಸರಿಯಾದ ವೇಗಕ್ಕೆ ತಂದು ಎಲ್ಲರಿಗೂ ಕೇಳುವಂತೆ ಹಚ್ಚಿದೆ. ರುಕ್ಮಿಣಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದರು. ಕೇಳಿದರು. ಮೇಜಿನ ಮೇಲಿನ ಬಟ್ಟೆ ಎತ್ತಿ ನೋಡಿದರು.

"ಇದು ಇಲ್ಲೇ ಇದೆಯಲ್ರೀ," ಎಂದರು.

ಸುದ್ದಿ ಕೇಳಿ ಶೆಟ್ಟರು ಮೆಟ್ಟಿಲು ಹತ್ತಿ ಬಂದರು. "ಯಾರದ್ದೋ ಮನೆ ಕುಕ್ಕರ್ ಮಾರಾಯ್ರೆ. ಖಾಲಿಪೀಲಿ ತಲೆ ಕೆಡಿಸಬೇಡಿ."

"ಆಕ್ಸಿಲರೇಟರ್ ಒತ್ತಿದ್ರೆ ಕೂಗೋ ಕುಕ್ಕರ್ ಇದ್ರೆ ನನಗೂ ಒಂದು ಕೊಡ್ಸಿ ಶೆಟ್ರೆ," ಎಂದರು ರುಕ್ಮಿಣಿ.

ಆಗಿಂದಾಗಲೇ ಕೆಳಗೆ ಹೋಗಿ ಇನ್ನೆರಡು ಸಲ ಟೇಪ್ ಮಾಡಿದೆವು. ಏನೂ ಇರಲಿಲ್ಲ. ವಿಮಾನವಿರಬಹುದೇ ಎಂದು ಯೋಚಿಸಿದೆ. ನಮ್ಮ ತಲೆಯ ಮೇಲೆಯೇ ವಿಮಾನಗಳ ದಾರಿ. ಆದರೆ ವಿಮಾನ ಮೂರು ಸಲ ಆಕ್ಸಿಲರೇಟರಿನ ಹಿಂದೆಯೇ ಏರಿ ಇಳಿಯುವುದಿಲ್ಲ. ಬೆಲ್ಟ್ ಜಾರಿರಬಹುದು ಎಂದೆ. ಅಶ್ವತ್ಥ್ ತಲೆಯಾಡಿಸಿದರು. "ಬೆಲ್ಟ್ ಆದ್ರೆ ಇಂಜಿನ್ ಜೊತೆಗೇ ಸಾಯ್ಬೇಕು ಕಣಯ್ಯ. ಇಂಜಿನ್ ನಿಂತ ಮೇಲೂ ತನ್ನ ಪಾಡಿಗೆ ತಿರುಗೋದು ಟರ್ಬೋ ಒಂದೇ." ಸರಿಯಾದ ವೇಗದಲ್ಲಿ ಟೇಪ್ ಹಚ್ಚಿ, ಕೈಗಡಿಯಾರ ಹಿಡಿದು ನಾನು ಅಳೆದೆ. ಇಂಜಿನ್ ನಿಂತ ಮೇಲೆ ಶಿಳ್ಳೆ ಹನ್ನೊಂದು ಸೆಕೆಂಡ್ ಇತ್ತು.

ಮುಂದಿನ ವಾರ ಒಂದು ರೆಕಾರ್ಡಿಂಗ್ ಸ್ಟುಡಿಯೋದಲ್ಲಿದ್ದ ಪರಿಚಯದವರಿಗೆ, ಏನೂ ವಿವರ ಕೊಡದೆ, ಆ ಟೇಪ್ ಕೇಳಿಸಿದೆ. ಅವರು ಎರಡು ಸಲ ಕೇಳಿ, "ಟರ್ಬೋ ಗಾಡಿ. ಇದರಲ್ಲಿ ಕೇಳೋದೇನಿದೆ?" ಎಂದರು.

ನಮಗೆಲ್ಲ ಒಂದು ಬಗೆಯ ಅಳುಕು ಬಂದಿತ್ತು. ಅಶ್ವತ್ಥ್ ಅವರಿಗೆ ಮಾತ್ರ ಬರಲಿಲ್ಲ. ಟೇಪನ್ನು ನನ್ನಿಂದ ಇಸಿದುಕೊಂಡರು. ರೆಕಾರ್ಡರನ್ನೂ ಅಲ್ಲೇ ಬಿಟ್ಟು ಬಂದೆ. ದಿನಾ ಸಂಜೆ ಕೆಲಸದಿಂದ ಬಂದು ಕಾಫಿ ಕುಡಿಯುತ್ತ ಒಂದು ಸಲ ಕೇಳುತ್ತಿದ್ದರಂತೆ. "ಹೊಸ ಮದುವಣಗಿತ್ತಿ ಕಾಗದ ಓದೋ ಹಾಗೆ ಕೂತಿರ್ತಾರೆ," ಎಂದು ರುಕ್ಮಿಣಿ ನಗುತ್ತಿದ್ದರು.

ಮರುವರ್ಷ ಫೆಬ್ರವರಿಯ ಒಂದು ಬೆಳಿಗ್ಗೆ ಅಶ್ವತ್ಥ್ ಎದ್ದಾಗ ಕಿವಿಗಳಲ್ಲಿ ಉಳಿದಿದ್ದದ್ದೂ ಹೋಗಿತ್ತು. ಡಾಕ್ಟರು ಹೇಳಿದ್ದಕ್ಕಿಂತ ಬೇಗ. ಅರ್ಧ ವೇಗದಲ್ಲಿಯೂ, ಪೂರ್ತಿ ಸದ್ದು ಏರಿಸಿಯೂ ಟೇಪ್ ಕೇಳಿಸಲಿಲ್ಲ. ಎರಡು ವಾರ ಅವರು ಕೆಳಗೆ ಇಳಿಯಲಿಲ್ಲ. ಮೂರನೆಯ ಭಾನುವಾರ ಶೆಟ್ಟರು ಬಾಗಿಲಲ್ಲಿ ನಿಂತು, ದೊಡ್ಡ ಅಕ್ಷರದಲ್ಲಿ ಬರೆದ ಚೀಟಿಯೊಂದನ್ನು ಹಿಡಿದು ತೋರಿಸಿದರು: "ಠಾಣೆ ಯಾವಾಗ?"

ಅಶ್ವತ್ಥ್ ಓದಿ, ಎದ್ದು, ಸ್ಪ್ಯಾನರ್ ಡಬ್ಬಿ ತೆಗೆದುಕೊಂಡರು.

ಮಾರ್ಚಿನಲ್ಲಿ ಟರ್ಬೋ ಕಾರಿಗೆ ಕೂತಿತು. ಅಂದು ರುಕ್ಮಿಣಿ ಬಾನೆಟ್ಟಿನ ಪಕ್ಕ ನಿಂತರು. ಶಿಳ್ಳೆ ಏರಿದಾಗ ಕೈ ಎತ್ತಬೇಕು, ನಿಂತಾಗ ಇಳಿಸಬೇಕು ಎಂದು ಒಪ್ಪಂದ. ನಾನು ಗಡಿಯಾರ ಹಿಡಿದಿದ್ದೆ. ಇಂಜಿನ್ ಆಫ್ ಆಯಿತು. ಅವರ ಕೈ ಮೇಲೆಯೇ ಇತ್ತು, ಆಮೇಲೆ ಇಳಿಯಿತು. ಆರು ಸೆಕೆಂಡ್. ನಾನು ಆರು ಬೆರಳು ತೋರಿಸಿದೆ. ನಾವೆಲ್ಲ ಚಪ್ಪಾಳೆ ತಟ್ಟುವವರಿದ್ದೆವು.

"ಸಾಲದು," ಎಂದರು ಅಶ್ವತ್ಥ್. ತಮ್ಮ ದನಿ ತಮಗೆ ಕೇಳಿಸದ್ದರಿಂದ ಕಾಂಪೌಂಡಿಗೆಲ್ಲ ಕೇಳುವಂತೆ ಹೇಳಿದರು. "ಬುಷ್ ಇನ್ನೂ ಬಿಗಿ ಇದೆ. ಹನ್ನೊಂದು ಬರ್ಬೇಕು. ನಾನು ಕೇಳಿದೀನಿ."

ಎರಡು ಸಲ ಬಿಚ್ಚಿದರು, ಎರಡು ಸಲ ಉಜ್ಜಿ ಕೂಡಿಸಿದರು. ಮೇ ತಿಂಗಳ ಒಂದು ಭಾನುವಾರ ರುಕ್ಮಿಣಿಯವರ ಕೈ ಇಳಿದಾಗ ನನ್ನ ಗಡಿಯಾರದಲ್ಲಿ ಹನ್ನೊಂದು ಸೆಕೆಂಡ್ ಆಗಿತ್ತು. ಅದೇ ಸಂಜೆ ಹೈವೇ ಮೇಲೆ ಠಾಣೆಯ ಕಡೆಗೆ ಹೋದೆವು. ಶೆಟ್ಟರು ಮುಂದೆ, ನಾನು ಮತ್ತು ರುಕ್ಮಿಣಿ ಹಿಂದೆ. ಮುಲುಂಡ್ ದಾಟಿದ ಮೇಲೆ ರಸ್ತೆ ಖಾಲಿಯಾಯಿತು. ಅಶ್ವತ್ಥ್ ಕಾಲು ಒತ್ತಿದರು. ಶಿಳ್ಳೆ ಏಳುತ್ತಿದ್ದಂತೆ ರುಕ್ಮಿಣಿ ಹಿಂದಿನಿಂದ ಗಂಡನ ಹೆಗಲ ಮೇಲೆ ಕೈಯಿಟ್ಟು ಒತ್ತಿದರು. ಅದು ಇಳಿಯುವ ತನಕ ಕೈ ತೆಗೆಯಲಿಲ್ಲ. ಮತ್ತೆ ಎದ್ದಾಗ ಮತ್ತೆ ಒತ್ತಿದರು. ಶೆಟ್ಟರು ಲೋಕಲ್ ಹಿಡಿಯಲು ಠಾಣೆಯಲ್ಲಿ ಇಳಿಯಲೇ ಇಲ್ಲ.

ಇಷ್ಟು ವರ್ಷಗಳಲ್ಲಿ ನಾನು ಇದಕ್ಕೆ ಹಲವು ವಿವರಣೆ ಬರೆದುಕೊಂಡು, ಹಲವನ್ನು ಹೊಡೆದುಹಾಕಿದ್ದೇನೆ. ಬೇರೆಯವರು ಈ ಪ್ರತಿಯನ್ನು ಡೆಸ್ಕಿಗೆ ತಂದಿದ್ದರೆ ನಾನು ಹಿಂದಕ್ಕೆ ಕೊಡುತ್ತಿದ್ದೆ.

1993ರಲ್ಲಿ ಕಾರನ್ನು ನಾಸಿಕದ ಒಬ್ಬರು ಕೊಂಡುಹೋದರು. ಹೋಗುವ ಮುನ್ನ ಅವರಿಗೆ ಅಶ್ವತ್ಥ್ ಬರೆದುಕೊಟ್ಟ ಸೂಚನೆಗಳಲ್ಲಿ, ಇಂಜಿನ್ ನಿಂತ ಮೇಲೆ ಹನ್ನೊಂದು ಸೆಕೆಂಡ್ ಎಂಬುದೂ ಇತ್ತು. ಬಿಸ್ಕತ್ತಿನ ಡಬ್ಬಿಯನ್ನು ನನಗೆ ಕೊಟ್ಟರು. ಆ ಟೇಪ್ ಈಗಲೂ ನನ್ನ ಬಳಿ ಇದೆ. ಇದನ್ನು ಬರೆಯುವ ಮೊದಲು ಹಚ್ಚಿ ಕೇಳಿದೆ, ಶಿಳ್ಳೆ ಇದೆ. ಟೇಪಿನ ಮೇಲೆ ಅವರ ಕೈಬರಹದಲ್ಲಿ ಪೆನ್ಸಿಲಿನಿಂದ ಹೀಗೆ ಬರೆದಿದೆ: "19-11-89. ಟರ್ಬೋ ಮೇಜಿನ ಮೇಲೆ. 11 ಸೆಕೆಂಡ್. ಕೇಳಿಸಿತು."