ಮೊದಲು ಯಾರಿಗೆ ಹೇಳಬೇಕು

ನರ್ಸಿಂಗ್ ಕಾಲೇಜು ಬಿಟ್ಟು ಇಪ್ಪತ್ತು ವರ್ಷವಾದ ಮೇಲೆ ನಾನು ಮತ್ತೆ ಪುಸ್ತಕ ಹಿಡಿದೆ. ವಿಜಯಪುರದಲ್ಲಿ ಓದಿ, ಮದುವೆಯಾಗಿ ಪುಣೆಗೆ ಬಂದು, ಮಗಳು ಹುಟ್ಟಿದಾಗ ಕೆಲಸ ಬಿಟ್ಟು, ಅವಳು ಹೈಸ್ಕೂಲು ಸೇರಿದ ಮೇಲೆ ವಿಮಾನ ನಗರದ ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಮತ್ತೆ ಕೆಲಸಕ್ಕೆ ನಿಂತವಳು ನಾನು. ಜೊತೆಯ ಹುಡುಗಿಯರು ಒಬ್ಬೊಬ್ಬರಾಗಿ ಹೊರದೇಶದ ನರ್ಸಿಂಗ್ ಲೈಸೆನ್ಸ್ ಪರೀಕ್ಷೆ ಪಾಸು ಮಾಡಿ ಹೊರಟುಹೋದರು. ನಿನ್ನೆ ಮೊನ್ನೆ ನನ್ನ ಪಕ್ಕದಲ್ಲಿ ನಿಂತು ಸಲೈನ್ ಹಾಕುವುದನ್ನು ಕಲಿತವರು! ಸುಳ್ಳೇಕೆ ಹೇಳಲಿ, ಹೊಟ್ಟೆಕಿಚ್ಚಾಯಿತು. ನಾನೂ ಪರೀಕ್ಷೆಗೆ ಕಟ್ಟಿದೆ.

ಕೈ ಕೆಲಸ ಮರೆತಿರಲಿಲ್ಲ. ಆದರೆ ಆ ಪರೀಕ್ಷೆಗೆ ಕೈ ಬೇಕಿಲ್ಲ. ಒಂದು ಪ್ರಶ್ನೆ, ನಾಲ್ಕು ಉತ್ತರ, ನಾಲ್ಕೂ ಸರಿ ಎನ್ನಿಸುವಂಥವು. ನರ್ಸ್ ಮೊದಲು ಮಾಡಬೇಕಾದದ್ದು ಯಾವುದೆಂದು ಆರಿಸಬೇಕು. ಬೆಳಗಿನ ಡ್ಯೂಟಿ ಮುಗಿಸಿ, ಊಟವಾದ ಮೇಲೆ ಮೊಬೈಲಿನಲ್ಲಿ ಅಭ್ಯಾಸಕ್ಕೆ ಕೂರುತ್ತಿದ್ದೆ. ಎದುರಿಗೆ ನನ್ನ ಅತ್ತೆ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಪ್ರಶ್ನೆಗಳನ್ನು ಕನ್ನಡದಲ್ಲಿ ಹೇಳೆಂದು ಅವರ ಹಟ. ಒಗಟು ಬಿಡಿಸುವ ಹುರುಪು ಅವರಿಗೆ. ಎಲ್ಲದಕ್ಕೂ ಅವರ ಉತ್ತರ ಮಾತ್ರ ಒಂದೇ: "ಮೊದಲ ನೀರ ಕುಡಸಬೇಕು."

"ಆಪರೇಷನ್‌ಗೆ ಹೊಂಟವ್ರಿಗೆ ನೀರ ಕೊಡಬಾರದ್ರಿ ಅತ್ತಿ."

"ಒಂದ ಗುಟುಕಿಗೆ ಏನಾಗ್ತದ? ನಿಮ್ಮ ಪರೀಕ್ಷಾನ ಸುಮಾರ ಅದ ಬಿಡು."

ಆ ಚಳಿಗಾಲದಲ್ಲಿ ಅತ್ತೆಗೆ ಊಟ ಸೇರದಾಯಿತು. ಸ್ಕ್ಯಾನ್ ಆಯಿತು. ಡಾಕ್ಟರು ನನ್ನ ಗಂಡನನ್ನೂ, ಬಾರಾಮತಿಯ ಸಕ್ಕರೆ ಕಾರ್ಖಾನೆಯಿಂದ ಓಡಿಬಂದಿದ್ದ ಮೈದುನನನ್ನೂ ಹೊರಗೆ ಕರೆದು ಹೇಳಿದರು. ಹೊಟ್ಟೆಯ ಕ್ಯಾನ್ಸರ್, ಲಿವರ್‌ಗೂ ಹಬ್ಬಿದೆ, ಆಪರೇಷನ್ ಮಾಡಿ ಉಪಯೋಗವಿಲ್ಲ. ಅಣ್ಣತಮ್ಮಂದಿರು ಅಲ್ಲೇ ಕಣ್ಣೊರೆಸಿಕೊಂಡು ತೀರ್ಮಾನ ಮಾಡಿಬಿಟ್ಟರು: "ಅವ್ವಗ ಹೇಳೂದ ಬ್ಯಾಡ." ನನ್ನಿಂದಲೂ ಆ ಮಾತು ತೆಗೆದುಕೊಂಡರು. ಒಳಗೆ ಹೋಗಿ, ಹೊಟ್ಟೆಯಲ್ಲಿ ಹುಣ್ಣಾಗಿದೆ, ಗುಳಿಗೆಗೆ ಹೋಗುತ್ತದೆ ಎಂದರು. ನಾನೂ ತಲೆಯಾಡಿಸಿದೆ.

ನಮ್ಮ ಆಸ್ಪತ್ರೆಗಳಲ್ಲಿ ಹಾಗೇ. ಕೆಟ್ಟ ರಿಪೋರ್ಟ್ ಬಂದರೆ ನಾವು ರೋಗಿಯ ಕಡೆ ನೋಡುವುದಿಲ್ಲ. ಮಗನಿಗೋ ಅಳಿಯನಿಗೋ ಕಣ್ಸನ್ನೆ ಮಾಡಿ, "ಜರಾ ಬಾಹೇರ್ ಯಾ" ಎಂದು ಹೊರಗೆ ಕರೆಯುತ್ತೇವೆ. ಎಷ್ಟು ಜನರನ್ನು ನಾನೇ ಹಾಗೆ ಕರೆದಿದ್ದೇನೋ. ಅದು ದಯೆಯೆಂದೇ ನಂಬಿದ್ದೆ.

ಪರೀಕ್ಷೆ ಅದನ್ನು ಒಪ್ಪುತ್ತಿರಲಿಲ್ಲ. ಒಂದು ಬಗೆಯ ಪ್ರಶ್ನೆ ನನಗೆ ಪ್ರತಿಸಲವೂ ತಪ್ಪುತ್ತಿತ್ತು. ರೋಗಿ ನರ್ಸನ್ನು ಕೇಳುತ್ತಾಳೆ, 'ನಾನು ಉಳಿಯುತ್ತೇನೆಯೇ?' ನರ್ಸ್ ಮೊದಲು ಏನು ಮಾಡಬೇಕು? 'ಮನೆಯವರಿಗೆ ತಿಳಿಸಬೇಕು' ಎಂಬುದನ್ನೇ ನನ್ನ ಬೆರಳು ಒತ್ತುತ್ತಿತ್ತು. ಕೆಂಪು ಗೆರೆ ಬೀಳುತ್ತಿತ್ತು. ಪ್ರಶ್ನೆ ತೆಗೆದವರಿಗೆ ಮನೆಮಂದಿ ಇಲ್ಲವೇನು ಎಂದು ಬೈದೆ. ಅತ್ತೆಗೆ ಪ್ರಶ್ನೆ ಓದುವಾಗ ಅಂಥವನ್ನು ಮೆಲ್ಲಗೆ ದಾಟಿಸುತ್ತಿದ್ದೆ. ಅಷ್ಟು ಹೊತ್ತಿಗೆ ಅವರು ಮಂಚ ಹಿಡಿದಿದ್ದರು, ಆದರೂ ಮಧ್ಯಾಹ್ನದ ಪ್ರಶ್ನೆಗಳನ್ನು ಬಿಟ್ಟಿರಲಿಲ್ಲ.

ಒಂದು ದಿನ ಅವರು ಕಣ್ಣು ಮುಚ್ಚಿಕೊಂಡೇ ಅಂದರು, "ನಡುವ ಒಂದ ಬಿಟ್ಟಿ ನೋಡು. ಓದು."

"ಅದು ಛಲೋ ಇಲ್ರಿ."

"ಛಲೋ ಇಲ್ಲದ್ದ ಓದು."

ಬೇರೆ ಏನಾದರೂ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಯಾಕೋ ಬಾಯಿ ಬರಲಿಲ್ಲ. ಇದ್ದದ್ದು ಇದ್ದಂತೆ ಓದಿದೆ. ನಾಲ್ಕು ಉತ್ತರಗಳನ್ನೂ ಹೇಳಿದೆ. ಧೈರ್ಯ ಹೇಳುವುದು, ಡಾಕ್ಟರನ್ನು ಕೇಳಿ ಎನ್ನುವುದು, ಮನೆಯವರಿಗೆ ತಿಳಿಸುವುದು, ನಿಮ್ಮ ಮನಸ್ಸಿನಲ್ಲಿ ಏನಿದೆ ಹೇಳಿ ಎಂದು ರೋಗಿಯನ್ನೇ ಕೇಳುವುದು.

"ನೀ ಯಾವುದು ಒತ್ತಿದಿ?"

"ಮನಿಯವ್ರಿಗೆ ತಿಳಸೂದು. ತಪ್ಪಂತ್ರಿ."

ಅತ್ತೆ ಕಣ್ಣು ತೆರೆದು ನನ್ನನ್ನು ನೋಡಿದರು. ಆಮೇಲೆ ಅಂದರು, "ಮನಿಯವ್ರು ಹೇಳಂಗಿಲ್ಲಂತ ಗೊತ್ತಾದ ಮ್ಯಾಲೇನ ಆಕಿ ನರ್ಸನ್ನ ಕೇಳ್ಯಾಳ."

ಆ ಕೋಣೆಯಲ್ಲಿ ಮನೆಯವಳೂ ನಾನೇ, ನರ್ಸೂ ನಾನೇ. ಗಂಡನಿಗೆ ಕೊಟ್ಟ ಮಾತು ಒಂದು ಕಡೆ, ನನ್ನನ್ನೇ ನೋಡುತ್ತಿದ್ದ ಈ ಮುಖ ಒಂದು ಕಡೆ. ನನಗೆ ನಿಜವಾಗಿ ಭಯವಾಯಿತು. ಮೊಬೈಲು ಬದಿಗಿಟ್ಟು ಅವರ ಮಂಚದ ಮೇಲೆ ಕೂತೆ.

"ನಿಮ್ಮ ಮನಸ್ನ್ಯಾಗ ಏನದ ಹೇಳ್ರಿ ಅತ್ತಿ."

"ಹುಣ್ಣಿಗೆ ಇಷ್ಟ ಸೊರಗೂದಿಲ್ಲ. ಅಷ್ಟ ತಿಳೀತದ ನನಗ. ಎಷ್ಟ ದಿನ ಅಂತ ಕೇಳಂಗಿಲ್ಲ, ಅದು ಯಾರ ಕೈಯಾಗೂ ಇಲ್ಲ. ಭಾಳ ನೋವಾಗ್ತದೇನು? ಅಷ್ಟ ಹೇಳು."

"ನೋವು ಬರ್ತದ್ರಿ. ಆದ್ರ ಅದಕ್ಕ ಔಷಧ ಅದ. ತಡಕೊಳ್ಳಲಾರದಷ್ಟ ನೋವಾಗಾಕ ನಾ ಬಿಡಂಗಿಲ್ಲ."

"ಆತು ಬಿಡು," ಎಂದು ಅತ್ತೆ ನನ್ನ ಕೈ ಮೇಲೆ ಕೈಯಿಟ್ಟರು. ಸ್ವಲ್ಪ ಹೊತ್ತಿನ ಮೇಲೆ, "ನನಗ ಗೊತ್ತಾಗೇದ ಅಂತ ಹುಡುಗರಿಗೆ ಹೇಳಬ್ಯಾಡ. ನಾ ಇರೂತನಕ ಹೇಳಬ್ಯಾಡ. ಅವರು ತಡಕೊಳ್ಳಂಗಿಲ್ಲ," ಎಂದರು.

ಅಂದಿನಿಂದ ನಾನು ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಾದೆ. ತಾಯಿಗೆ ಗೊತ್ತಾಗಬಾರದೆಂದು ಮಗ, ಮಗನಿಗೆ ಗೊತ್ತಾಗಬಾರದೆಂದು ತಾಯಿ. ಸಂಜೆ ಆಫೀಸಿನಿಂದ ಬಂದು ಗಂಡ ಅವರ ಹತ್ತಿರ ಕೂತರೆ ನಾನು ಒಳಗೆ ಹೋಗಿ ಪಾತ್ರೆ ತಿಕ್ಕುತ್ತಿದ್ದೆ, ತೊಳೆದ ಪಾತ್ರೆಯನ್ನೇ ಮತ್ತೆ ತಿಕ್ಕುತ್ತಿದ್ದೆ. ರೋಗಿ ಬೇಡವೆಂದರೆ ಅವರ ಮಾತನ್ನು ಮನೆಯವರಿಗೂ ಹೇಳಬಾರದು ಎಂಬ ಪಾಠ ಪುಸ್ತಕದಲ್ಲಿ ಮೊದಲಿನಿಂದಲೂ ಇತ್ತು. ನನ್ನ ತಲೆಗೆ ಹತ್ತಿದ್ದು ಆಗ.

ಯುಗಾದಿಗೆ ಮುಂಚೆ ಅತ್ತೆ ಹೋದರು. ನೋವಿನ ವಿಷಯದಲ್ಲಿ ಕೊಟ್ಟ ಮಾತು ಉಳಿಸಿಕೊಂಡೆ, ಅದೊಂದು ನನಗೆ ನೆಮ್ಮದಿ.

ಕರ್ಮಗಳೆಲ್ಲ ಮುಗಿದು ಬಹಳ ದಿನಗಳಾದ ಮೇಲೆ ಪರೀಕ್ಷೆಗೆ ಕೂತೆ. ಅಂಥದೇ ಒಂದು ಪ್ರಶ್ನೆ ಬಂತು. ಬೆರಳು ತಡವರಿಸಲಿಲ್ಲ, ಕಣ್ಣು ಮಾತ್ರ ಮಂಜಾಯಿತು. ಪಾಸಾದೆ.

ಫಲಿತಾಂಶ ಬಂದ ದಿನ ಗಂಡ ಪೇಢೆ ತಂದು ಅವ್ವನ ಫೋಟೋದ ಮುಂದಿಟ್ಟರು. "ಅವ್ವ ಇರಬೇಕಾಗಿತ್ತು," ಎಂದರು. "ಕಡೀತನಕ ಆಕಿಗೆ ಏನೂ ಗೊತ್ತಾಗಲಿಲ್ಲ. ಅದೊಂದ ಸಮಾಧಾನ."

ಹೌದೆಂದರೆ ಮುಗಿಯುತ್ತಿತ್ತು. ಆದರೆ ಅತ್ತೆ ಮಾತು ತೆಗೆದುಕೊಂಡದ್ದು ತಾವು ಇರುವತನಕ ಮಾತ್ರ. "ಅವರಿಗೆ ಗೊತ್ತಿತ್ರಿ," ಎಂದೆ. ಅಂದಿನ ಮಧ್ಯಾಹ್ನದ್ದೆಲ್ಲ ಹೇಳಿದೆ. ಯಾಕೆ ನನ್ನಿಂದ ಮುಚ್ಚಿಟ್ಟೆ ಎಂದು ಕೂಗಾಡುತ್ತಾರೆಂದುಕೊಂಡಿದ್ದೆ. ಅವರು ನೆಲದ ಮೇಲೆ ಕೂತುಬಿಟ್ಟರು.

"ದಿನಾ ಸಂಜಿಗೆ, ಗುಣ ಆಗ್ತದವ್ವಾ ಅಂತಿದ್ದೆ," ಅಂದರು. "ಆಕಿ ನನ್ನ ತಲಿ ಸವರಿ, ಹೌದಪ್ಪಾ, ನೀ ಅಂಜಬ್ಯಾಡ ಅಂತಿದ್ಲು."